ಎರಡು ಮದುವೆ, ಒಂದೇ ಟೈಮ್‌ಲೈನ್ ಕಿಟಕಿ

ಮದುವೆ ಸೀಸನ್‌ನಲ್ಲಿ ವಿಡಿಯೋ ಎಡಿಟರ್ ಮೇಜಿನ ಮೇಲೆ ಏಕಕಾಲಕ್ಕೆ ಮೂರು ನಾಲ್ಕು ಕೆಲಸ ಇರುವುದು ಮಾಮೂಲು. ಒಂದರ ಹೈಲೈಟ್ ಇವತ್ತೇ ಹೋಗಬೇಕು, ಇನ್ನೊಂದಕ್ಕೆ ಮನೆಯವರಿಂದ ತಿದ್ದುಪಡಿ ಬಂದಿದೆ, ಮೂರನೆಯದರ ಕ್ಯಾಮೆರಾ ಕಾರ್ಡುಗಳು ಇನ್ನೂ ಕಾಪಿಯಾಗುತ್ತಿವೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊನಲ್ಲಿ 2018ರ ಆವೃತ್ತಿಯಿಂದ ಹಲವು ಪ್ರಾಜೆಕ್ಟ್‌ಗಳನ್ನು ಒಟ್ಟಿಗೆ ತೆರೆಯಬಹುದು. ಫೈಲ್ ಮೆನುವಿನಲ್ಲಿ ಓಪನ್ ಪ್ರಾಜೆಕ್ಟ್ ಒತ್ತಿದರೆ ಮೊದಲನೆಯದು ಮುಚ್ಚುವುದಿಲ್ಲ, ಎರಡನೆಯದು ಪಕ್ಕದ ಟ್ಯಾಬ್‌ನಲ್ಲಿ ಬಂದು ಕೂರುತ್ತದೆ. ತೆರೆಯುವುದು ಇಷ್ಟು ಸುಲಭ ಇರುವುದರಿಂದಲೇ ಒಂದರ ಸಾಮಾನು ಇನ್ನೊಂದರೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಫೈಲ್ ಹೆಸರಿನದು. ಸೋನಿ ಕ್ಯಾಮೆರಾಗಳು ವಿಡಿಯೋಗಳಿಗೆ ಸಿ0001, ಸಿ0002 ಎಂದು ಹೆಸರಿಡುತ್ತವೆ. ಫೈಲ್ ನಂಬರ್ ಸೆಟ್ಟಿಂಗ್ ರೀಸೆಟ್‌ನಲ್ಲಿದ್ದರೆ ಕಾರ್ಡ್ ಬದಲಿಸಿದಾಗ ಎಣಿಕೆ ಮತ್ತೆ ಒಂದರಿಂದ. ಹಾಗಾಗಿ ಎರಡು ಮದುವೆಯಲ್ಲೂ ಒಂದೊಂದು ಸಿ0014 ಇರುತ್ತದೆ. ಹಾರ್ಡ್‌ಡಿಸ್ಕ್‌ನ ಡ್ರೈವ್ ಅಕ್ಷರ ಬದಲಾದ ದಿನ ಪ್ರೀಮಿಯರ್ ಲಿಂಕ್ ಮೀಡಿಯಾ ಕಿಟಕಿ ತೆರೆದು ಫೈಲ್ ಎಲ್ಲಿದೆ ಎಂದು ಕೇಳುತ್ತದೆ. ಅಲ್ಲಿ ಫೈಲ್ ಹೆಸರು ಮತ್ತು ಎಕ್ಸ್‌ಟೆನ್ಷನ್ ಎರಡಕ್ಕೇ ಟಿಕ್ ಇದ್ದು, ಅವಸರದಲ್ಲಿ ಪಕ್ಕದ ಫೋಲ್ಡರ್ ತೋರಿಸಿದರೆ ಧಾರೆಯ ಜಾಗದಲ್ಲಿ ಬೇರೆಯವರ ಆರತಕ್ಷತೆ ಬರುತ್ತದೆ. ಉಳಿದವನ್ನು ತಾನಾಗಿ ರಿಲಿಂಕ್ ಮಾಡುವ (ಮತ್ತೆ ಜೋಡಿಸುವ) ಆಯ್ಕೆಯೂ ಆನ್ ಇದ್ದರೆ ಒಂದು ತಪ್ಪು ನೂರು ಕ್ಲಿಪ್‌ಗೆ ಹರಡುತ್ತದೆ. ಅವಧಿ ಹತ್ತಿರಹತ್ತಿರ ಇದ್ದರೆ ಕ್ಲಿಪ್‌ಗಳನ್ನು ಜೋಡಿಸುವ ಟೈಮ್‌ಲೈನ್ ನೋಡಿ ಗೊತ್ತೂ ಆಗುವುದಿಲ್ಲ.

ಆ ಕಿಟಕಿಯಲ್ಲಿ ಮೀಡಿಯಾ ಸ್ಟಾರ್ಟ್‌ಗೂ ಟಿಕ್ ಹಾಕಿ. ಆಗ ಟೈಮ್‌ಕೋಡ್, ಅಂದರೆ ಕ್ಲಿಪ್‌ನ ಪ್ರತಿ ಫ್ರೇಮಿಗೂ ಕ್ಯಾಮೆರಾ ಬರೆಯುವ ಸಮಯದ ಗುರುತು ಕೂಡ ಹೊಂದಬೇಕಾಗುತ್ತದೆ. ಆದರೆ ಕ್ಯಾಮೆರಾ ಟೈಮ್‌ಕೋಡ್ ರೆಕ್ ರನ್‌ನಲ್ಲಿದ್ದು (ರೆಕಾರ್ಡ್ ಆಗುವಾಗ ಮಾತ್ರ ಓಡುವುದು) ಪ್ರತಿ ಸಲ ಸೊನ್ನೆಯಿಂದ ಶುರುವಾಗಿದ್ದರೆ ಇದರಿಂದಲೂ ಪ್ರಯೋಜನ ಕಡಿಮೆ. ಸದಾ ಓಡುತ್ತಿರುವ ಫ್ರೀ ರನ್‌ಗೆ ಹಾಕಿ ಗಡಿಯಾರದ ಸಮಯ ಕೊಟ್ಟಿರಬೇಕು. ಇದೆಲ್ಲಕ್ಕಿಂತ ಭದ್ರವಾದ ದಾರಿ, ಕಾರ್ಡ್ ಕಾಪಿಯಾದ ಕೂಡಲೇ ಹೆಸರು ಬದಲಿಸುವುದು: ದಿನಾಂಕ, ಊರು, ಕ್ಯಾಮೆರಾ ಅಕ್ಷರ, ಕೊನೆಗೆ ಮೂಲ ಸಂಖ್ಯೆ. ಇಂಪೋರ್ಟ್‌ಗೆ ಮೊದಲೇ ಆಗಬೇಕು. ಆಮೇಲೆ ಬದಲಿಸಿದರೆ ಎಲ್ಲವೂ ಆಫ್‌ಲೈನ್ ಎಂದು ಕೆಂಪಗಾಗುತ್ತದೆ.

ಹಳೆಯ ಮದುವೆಯ ಟೈಟಲ್ ಅಥವಾ ಹಾಡಿನ ಸೀಕ್ವೆನ್ಸ್ (ಕ್ಲಿಪ್‌ಗಳನ್ನು ಜೋಡಿಸಿದ ಸಾಲು) ಹೊಸದಕ್ಕೆ ಬೇಕು ಎಂದೇ ಹೆಚ್ಚಿನವರು ಎರಡು ಪ್ರಾಜೆಕ್ಟ್ ತೆರೆಯುವುದು. ಎಳೆದು ಹಾಕಿದಾಗ ಆಗುವುದು ನಕಲು. ಸೀಕ್ವೆನ್ಸ್ ಜೊತೆಗೆ ಅದರೊಳಗಿನ ಕ್ಲಿಪ್‌ಗಳೂ ಹೊಸ ಪ್ರಾಜೆಕ್ಟ್‌ಗೆ ಬರುತ್ತವೆ, ಅಂದರೆ ಹಳೆಯ ಮದುಮಕ್ಕಳ ಕ್ಲಿಪ್‌ಗಳೂ ಬಿನ್ನಿನಲ್ಲಿ (ಪ್ರಾಜೆಕ್ಟ್ ಒಳಗಿನ ಫೋಲ್ಡರ್) ಸೇರುತ್ತವೆ. ಅದಕ್ಕೆ ಟೈಟಲ್ ಮಾತ್ರ ಇರುವ ಒಂದು ಬೇರೆ ಸೀಕ್ವೆನ್ಸ್ ಮಾಡಿ ಅದನ್ನಷ್ಟೇ ಎಳೆಯಿರಿ. ಎರಡು ಮೂರು ಸಲ ಎಳೆದು ಒಂದೇ ಕ್ಲಿಪ್ ಹಲವು ಬಾರಿ ಕಾಣಿಸಿದರೆ ಎಡಿಟ್ ಮೆನುವಿನ ಕನ್ಸಾಲಿಡೇಟ್ ಡೂಪ್ಲಿಕೇಟ್ಸ್ ಅವನ್ನು ಒಂದಾಗಿಸುತ್ತದೆ. ನೋಡಲಷ್ಟೇ ತೆರೆದ ಪ್ರಾಜೆಕ್ಟ್‌ಗೆ ಬೀಗ ಹಾಕಿಬಿಡುವುದು ಒಳ್ಳೆಯದು. ಪ್ರಾಜೆಕ್ಟ್ ಪ್ಯಾನೆಲ್‌ನ ಎಡ ಕೆಳಮೂಲೆಯ ಹಸಿರು ಪೆನ್ಸಿಲ್ ಒತ್ತಿದರೆ ಅದು ಕೆಂಪು ಬೀಗವಾಗುತ್ತದೆ, ಕೈತಪ್ಪಿ ಕತ್ತರಿಸುವ ಭಯವಿಲ್ಲ.

ನಕಲಾಗದೆ ಕ್ಲಿಪ್‌ಗಳು ಹಂಚಿಕೆಯಾಗಬೇಕಾದರೆ ಹಲವು ಪ್ರಾಜೆಕ್ಟ್‌ಗಳನ್ನು ಒಟ್ಟಿಗೆ ಇಡುವ, 2020ರಲ್ಲಿ ಬಂದ ಪ್ರೊಡಕ್ಷನ್ಸ್ ಸೌಲಭ್ಯ ಇದೆ. ಒಂದೇ ಮನೆಯ ನಿಶ್ಚಿತಾರ್ಥ, ಮದುವೆ, ಬೀಗರ ಔತಣ ಮೂರು ಪ್ರಾಜೆಕ್ಟ್ ಆಗಿದ್ದರೆ ಅದು ಸರಿಯಾದ ಜಾಗ. ಬೇರೆಬೇರೆ ಗ್ರಾಹಕರನ್ನು ಒಂದೇ ಪ್ರೊಡಕ್ಷನ್‌ಗೆ ಹಾಕಬಾರದು. ಮುಂದೆ ಒಬ್ಬರ ಕೆಲಸವನ್ನು ಮಾತ್ರ ಬೇರೆ ಡಿಸ್ಕ್‌ಗೆ ಸಾಗಿಸುವಾಗ ಬಿಡಿಸುವುದು ಕಷ್ಟ.

ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಬಗ್ಗೆ ಒಂದು ಮಾತು. ನಮ್ಮ ವಿದ್ಯುತ್ 50 ಹರ್ಟ್ಸ್, ಕಲ್ಯಾಣ ಮಂಟಪದ ದೀಪಗಳು ಮಿನುಗದಿರಲೆಂದು 25 ಅಥವಾ 50ರಲ್ಲಿ ಚಿತ್ರೀಕರಿಸುತ್ತೇವೆ. ಫೋನಿನ ರೀಲ್‌ಗೆಂದು 30ರಲ್ಲಿ ಮಾಡಿದ ಸೀಕ್ವೆನ್ಸ್ ಅನ್ನು 25ರೊಳಗೆ ತಂದರೆ ಪ್ರತಿ ಸೆಕೆಂಡಿಗೆ 5 ಫ್ರೇಮ್ ಬಿಟ್ಟುಹೋಗಿ, ಕ್ಯಾಮೆರಾ ಅಡ್ಡಕ್ಕೆ ತಿರುಗಿಸಿ ತೆಗೆದ ಪ್ಯಾನ್ ಶಾಟ್‌ಗಳು ಜಗ್ಗುತ್ತವೆ.

ಮೀಡಿಯಾ ಕ್ಯಾಶ್ (ಪ್ರೀಮಿಯರ್ ತನ್ನ ಅನುಕೂಲಕ್ಕೆ ಮಾಡಿಕೊಳ್ಳುವ ತಾತ್ಕಾಲಿಕ ಫೈಲ್‌ಗಳು) ಎಲ್ಲ ಪ್ರಾಜೆಕ್ಟ್‌ಗಳಿಗೂ ಸೇರಿ ಒಂದೇ. ಜಾಗ ಸಾಲದೆ ಪೂರ್ತಿ ಅಳಿಸಿದರೆ ಯಾವ ಪ್ರಾಜೆಕ್ಟ್ ತೆರೆದರೂ ಧ್ವನಿಯ ವೇವ್‌ಫಾರ್ಮ್ ಚಿತ್ರ ಮೊದಲಿನಿಂದ ತಯಾರಾಗಬೇಕು. ಡೆಲಿವರಿ ದಿನ ಅಳಿಸಬೇಡಿ.

ಎಕ್ಸ್‌ಪೋರ್ಟ್ (ಅಂತಿಮ ವಿಡಿಯೋ ತಯಾರಿ) ಅನ್ನು ಮೀಡಿಯಾ ಎನ್‌ಕೋಡರ್ ಎಂಬ ಜೊತೆ ಸಾಫ್ಟ್‌ವೇರ್‌ನ ಸಾಲಿಗೆ ಕಳಿಸಿದರೆ ಇನ್ನೊಂದು ಪ್ರಾಜೆಕ್ಟ್‌ನಲ್ಲಿ ಕೆಲಸ ಮುಂದುವರಿಸಬಹುದು. ಸಾಲಿಗೆ ಹೋಗುವುದು ಆ ಕ್ಷಣದ ಪ್ರತಿ. ಆಮೇಲೆ ಹೆಸರಿನ ಕಾಗುಣಿತ ತಿದ್ದಿದರೆ ಅದು ಫೈಲ್‌ನಲ್ಲಿ ಬರುವುದಿಲ್ಲ, ಮತ್ತೆ ಕಳಿಸಬೇಕು.

ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರು ಹಲವು ಪ್ರಾಜೆಕ್ಟ್ ಒಟ್ಟಿಗೆ ತೆರೆದಿಡಲು ಪ್ರಾಜೆಕ್ಟ್ ಮ್ಯಾನೇಜರ್‌ನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ಡೈನಾಮಿಕ್ ಪ್ರಾಜೆಕ್ಟ್ ಸ್ವಿಚಿಂಗ್ ಆನ್ ಮಾಡಬೇಕು. ತೆರೆದವೆಲ್ಲ ರ‍್ಯಾಮ್‌ನಲ್ಲೇ ಉಳಿಯುವುದರಿಂದ 16 ಜಿಬಿಯಲ್ಲಿ ಎರಡಕ್ಕೆ ನಿಲ್ಲಿಸುವುದು ಕ್ಷೇಮ. ತಾನಾಗಿ ಸೇವ್ ಮಾಡುವ ಲೈವ್ ಸೇವ್ ಆನ್ ಇದ್ದರೆ ತಪ್ಪು ಪ್ರಾಜೆಕ್ಟ್‌ನಲ್ಲಿ ಮಾಡಿದ ಬದಲಾವಣೆಯೂ ಆ ಕ್ಷಣವೇ ಸೇವ್ ಆಗುತ್ತದೆ, ಆದ್ದರಿಂದ ಪ್ರಿಫರೆನ್ಸಸ್‌ನಲ್ಲಿ ಪ್ರಾಜೆಕ್ಟ್ ಬ್ಯಾಕಪ್ ಕಡ್ಡಾಯವಾಗಿ ಆನ್ ಇರಲಿ. ಬಣ್ಣದ ಗ್ರೇಡ್ (ಬಣ್ಣ ತಿದ್ದಿದ ಸೆಟ್ಟಿಂಗ್) ಸಾಗಿಸಲು ಎರಡು ಪ್ರಾಜೆಕ್ಟ್ ತೆರೆಯುವ ಅಗತ್ಯವೇ ಇಲ್ಲ. ಗ್ಯಾಲರಿಯ ಪವರ್‌ಗ್ರೇಡ್ ಆಲ್ಬಮ್‌ಗೆ ಸ್ಟಿಲ್ (ಗ್ರೇಡ್ ಸಮೇತ ಉಳಿಸಿದ ಫ್ರೇಮ್) ಹಾಕಿದರೆ ಆ ಪ್ರಾಜೆಕ್ಟ್ ಲೈಬ್ರರಿಯ ಎಲ್ಲ ಪ್ರಾಜೆಕ್ಟ್‌ನಲ್ಲೂ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ರೆಂಡರ್ ಕ್ಯೂ ಮೂಲೆಯ ಮೂರು ಚುಕ್ಕೆಯಲ್ಲಿ ಶೋ ಆಲ್ ಪ್ರಾಜೆಕ್ಟ್ಸ್ ಆರಿಸಿದರೆ ಬೇರೆಬೇರೆ ಪ್ರಾಜೆಕ್ಟ್‌ಗಳ ಕೆಲಸ ಒಂದೇ ಸಾಲಿನಲ್ಲಿ ನಡೆಯುತ್ತದೆ. ಸ್ಟಾರ್ಟ್ ಒತ್ತುವ ಮೊದಲು ಪ್ರತಿಯೊಂದರ ಔಟ್‌ಪುಟ್ ಫೋಲ್ಡರ್ ಬೇರೆ ಇದೆಯೇ, ಆ ಡಿಸ್ಕ್‌ನಲ್ಲಿ ಜಾಗ ಇದೆಯೇ ನೋಡಿಕೊಳ್ಳಿ.