ಹಸಿರು ಲವಣ ನೇರಳೆಯಾದ ದಿನ

ಎಂ.ಎಸ್ಸಿ. ಓದುತ್ತಿದ್ದಾಗ ನಿರವಯವ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೋಬಾಲ್ಟಿನ ಸಂಕೀರ್ಣ ಲವಣವೊಂದನ್ನು ತಯಾರಿಸಿದ ದಿನ, ಅದುವರೆಗೆ ಪರೀಕ್ಷೆಗಾಗಿ ಚಿತ್ರ ಬರೆದು ಕಲಿತಿದ್ದ ಐಸೋಮರಿಸಂ (ಅವೇ ಪರಮಾಣುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಗೊಂಡು ಬೇರೆ ಬೇರೆ ವಸ್ತುಗಳಾಗುವುದು) ನನಗೆ ಕಣ್ಣಾರೆ ಕಂಡಿತು. ಕೋಬಾಲ್ಟ್ ಕ್ಲೋರೈಡಿನ ದ್ರಾವಣಕ್ಕೆ ಎಥಿಲೀನ್‌ಡೈಅಮೀನ್ ಬೆರೆಸಿ, ಹೈಡ್ರೋಜನ್ ಪೆರಾಕ್ಸೈಡಿನಿಂದ ಉತ್ಕರ್ಷಿಸಿ, ಗಾಢ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ವಾಟರ್ ಬಾತ್ ಮೇಲೆ ಬತ್ತಿಸಿದಾಗ, ಚೈನಾ ಡಿಶ್‌ನಲ್ಲಿ ಹೊಳೆಯುವ ಹಸಿರು ಹರಳುಗಳು ಮೂಡಿದವು. 110 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಅವು ತಮ್ಮೊಳಗಿನ ನೀರನ್ನೂ ಆಮ್ಲವನ್ನೂ ಬಿಟ್ಟುಕೊಟ್ಟು, ಹೊಳಪು ಕಳೆದುಕೊಂಡು, ಮಾಸಲು ಹಸಿರು ಪುಡಿಯಾದವು. ಇದು ಟ್ರಾನ್ಸ್ ರೂಪ: ಎರಡು ಕ್ಲೋರೈಡುಗಳು ಕೋಬಾಲ್ಟಿನ ಆಚೆಗೊಂದು, ಈಚೆಗೊಂದು, ಎದುರುಬದುರಾಗಿ ಇರುತ್ತವೆ.

"ಇದನ್ನ ಸ್ವಲ್ಪ ನೀರಲ್ಲಿ ಕರಗಿಸಿ ಮತ್ತೆ ಆರಿಸಿ, ಬೇರೇನೂ ಹಾಕಬೇಡಿ" ಎಂದರು ಮೇಡಂ. ನೀರು ಇಂಗುತ್ತ ಬಂದಂತೆ ಡಿಶ್‌ನ ಅಂಚಿನಲ್ಲಿ ತೆಳುವಾದ ನೇರಳೆ ಗೆರೆ ಕಟ್ಟಿತು; ಕೊನೆಗೆ ತಳವೆಲ್ಲ ನೇರಳೆಯಾಯಿತು. ಬಿಸಿಗೆ ಕ್ಲೋರೈಡಿನ ಜಾಗಕ್ಕೆ ನೀರು ಬಂದಿತ್ತು. ಅದು ಬಿಟ್ಟುಹೋಗುವಾಗ ಕ್ಲೋರೈಡು ಮರಳಿ ಬಂದು, ಈ ಸಲ ತನ್ನ ಜೊತೆಗಾರನ ಪಕ್ಕದಲ್ಲೇ ಕುಳಿತಿತ್ತು. ಅದೇ ಪರಮಾಣುಗಳು, ಅದೇ ಸೂತ್ರ, ಆದರೆ ಸಿಸ್ ರೂಪ. ಒಂದಿಷ್ಟು ಪುಡಿಯನ್ನು ಗಾಢ ಆಮ್ಲದೊಂದಿಗೆ ಬತ್ತಿಸಿದಾಗ ಅದು ಪುನಃ ಹಸಿರಾಯಿತು.

ಇಂಥ ಲವಣಗಳಲ್ಲಿ ಲೋಹದ ಸುತ್ತಲಿನ ಆರು ಜಾಗಗಳು ಅಷ್ಟಮುಖಿಯ ಆರು ಮೂಲೆಗಳಂತಿವೆ ಎಂದು ಜ್ಯೂರಿಕ್‌ನಲ್ಲಿ ರಸಾಯನಶಾಸ್ತ್ರಜ್ಞ ಆಲ್‌ಫ್ರೆಡ್ ವೆರ್ನರ್ 1893ರಲ್ಲಿ ಮಂಡಿಸಿದ ವಾದದ ಬಲ ನನಗೆ ಅರ್ಥವಾದದ್ದು ಆಗಲೇ. ಎಕ್ಸ್-ರೇ ವಿಧಾನ ಇಲ್ಲದ ಆ ಕಾಲದಲ್ಲಿ ಅವರು ಐಸೋಮರ್‌ಗಳನ್ನು ಎಣಿಸಿದರು. ನಾಲ್ಕು ಒಂದು ಬಗೆಯ, ಎರಡು ಇನ್ನೊಂದು ಬಗೆಯ ಲಿಗ್ಯಾಂಡ್‌ಗಳಿದ್ದರೆ (ಲೋಹಕ್ಕೆ ಅಂಟಿಕೊಂಡಿರುವ ಗುಂಪುಗಳು), ಸಮತಲ ಷಟ್ಕೋನದಲ್ಲೂ ತ್ರಿಕೋನ ಪಟ್ಟಕದಲ್ಲೂ ಮೂರು ರೂಪಗಳು ಸಿಗಬೇಕು, ಅಷ್ಟಮುಖಿಯಲ್ಲಿ ಎರಡೇ. ಸಿಕ್ಕಿದ್ದು ಎರಡಕ್ಕಿಂತ ಹೆಚ್ಚಲ್ಲ. ಇಷ್ಟು ಸರಳವಾದ ಎಣಿಕೆಯಿಂದ ಅಣುವಿನ ಆಕಾರ ಹೇಳಿದ್ದನ್ನು ನಾನು ಇಂದಿಗೂ ರಸಾಯನಶಾಸ್ತ್ರದ ಅತ್ಯಂತ ಸುಂದರ ತರ್ಕವೆಂದೇ ಭಾವಿಸುತ್ತೇನೆ.

ಆದರೂ ಮೂರನೆಯ ರೂಪ ಸಿಗಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆನ್ನಲಾಗದು. ಹಾಗಾಗಿ ಇನ್ನೂ ಗಟ್ಟಿಯಾದ ಪುರಾವೆ ಬೇಕಿತ್ತು. ಅಷ್ಟಮುಖಿ ಆಕಾರ ಸರಿಯಾದರೆ ಇಂಥ ಲವಣದ ಸಿಸ್ ರೂಪ ಕನ್ನಡಿಯ ಪ್ರತಿಬಿಂಬಗಳಂಥ ಜೋಡಿಯಾಗಿ ಇರಬೇಕು. ನಮ್ಮ ನೇರಳೆ ಪುಡಿಯಲ್ಲೂ ಎಡ–ಬಲ ಪ್ರತಿಬಿಂಬಗಳಂತಿರುವ ಎರಡು ರೂಪಗಳು ಸಮಸಮವಾಗಿ ಬೆರೆತಿರುತ್ತವೆ, ಹಸಿರಿನಲ್ಲಿ ಅಂತಹ ಜೋಡಿ ಸಾಧ್ಯವಿಲ್ಲ. 1911ರಲ್ಲಿ ವೆರ್ನರ್ ಮತ್ತು ಅವರ ಅಮೆರಿಕನ್ ವಿದ್ಯಾರ್ಥಿ ವಿಕ್ಟರ್ ಕಿಂಗ್ ಇದರ ಹತ್ತಿರದ ಸಂಬಂಧಿ ಲವಣವೊಂದರಲ್ಲಿ ಆ ಜೋಡಿಯನ್ನು ಬೇರ್ಪಡಿಸಿದರು, 1913ರಲ್ಲಿ ವೆರ್ನರ್‌ಗೆ ನೊಬೆಲ್ ಬಂತು. ಹೀಗೆ ಬೇರ್ಪಟ್ಟ ರೂಪಗಳು ಧ್ರುವೀಕೃತ ಬೆಳಕಿನ ಕಂಪನತಲವನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತವೆ; ಆದರೆ ಈ ಗುಣ ಎಥಿಲೀನ್‌ಡೈಅಮೀನಿನ ಇಂಗಾಲದಿಂದಲೇ ಬಂದಿರಬಹುದೆಂಬ ಸಂದೇಹ ಆಮೇಲೂ ಉಳಿದಿತ್ತು. 1914ರಲ್ಲಿ ಅವರು ಇಂಗಾಲದ ಒಂದು ಪರಮಾಣುವೂ ಇಲ್ಲದ ಕೋಬಾಲ್ಟ್ ಸಂಕೀರ್ಣದ ಎಡ–ಬಲ ರೂಪಗಳನ್ನು ಬೇರೆ ಮಾಡಿ ತೋರಿಸಿದರು.