ನೈನಿತಾಲಿನ ನಾಲೆಗಳು

ನೈನಿತಾಲಿಗೆ ಹೋದವರು ದೋಣಿ ಹತ್ತುತ್ತಾರೆ, ಬಗೆಬಗೆಯ ಮೇಣದಬತ್ತಿ ಕೊಳ್ಳುತ್ತಾರೆ. ಸಣ್ಣ ನೀರಾವರಿ ಇಲಾಖೆಯಲ್ಲಿ ಕೆರೆ, ಕೋಡಿ, ತೂಬುಗಳ ನಡುವೆ ದುಡಿದ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಡ್ಡದಿಂದ ಸರೋವರಕ್ಕೆ ಇಳಿಯುವ ಕಲ್ಲುಕಟ್ಟಡದ ನಾಲೆಗಳು. ಆ ಊರು ಇಂದು ಉಳಿದಿದ್ದರೆ ಅದಕ್ಕೆ ಅವೇ ದೊಡ್ಡ ಕಾರಣ.

ಅದು ಮೊದಲು ನೈನಾದೇವಿಯ ಸರೋವರ. 1841ರಲ್ಲಿ ಅಲ್ಲಿಗೆ ಬಂದ ಶಹಜಹಾನ್‌ಪುರದ ಸಕ್ಕರೆ ವ್ಯಾಪಾರಿ ಬ್ಯಾರನ್, ಜಾಗ ತನ್ನದೆನ್ನುತ್ತಿದ್ದ ನರಸಿಂಗನನ್ನು ದೋಣಿಯಲ್ಲಿ ನಡುನೀರಿಗೆ ಒಯ್ದು, ಮುಳುಗಿಸುವುದಾಗಿ ಹೆದರಿಸಿ ಹಕ್ಕು ಬಿಡಿಸಿಕೊಂಡನೆಂದು ಹೇಳುತ್ತಾರೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಆಮೇಲೆ ಬಂಗಲೆಗಳು, ಚರ್ಚು, ಶಾಲೆಗಳು ಎದ್ದವು. ಪ್ರಾಂತ್ಯದ ಸರ್ಕಾರವೂ ಬೇಸಿಗೆಗೆ ಅಲ್ಲಿಗೇ ಬರತೊಡಗಿತು.

1880ರ ಸೆಪ್ಟೆಂಬರ್ 18, ಶನಿವಾರ. ಎಡೆಬಿಡದ ಮಳೆ ಶೇರ್ ಕಾ ಡಾಂಡಾ ಗುಡ್ಡದ ಬಿರುಕುಗಳಲ್ಲಿ ಇಂಗಿತ್ತು. ಬೆಳಿಗ್ಗೆ ಒಂದಿಷ್ಟು ಮಣ್ಣು ಜಾರಿ ಕೆಲವರು ಸಿಕ್ಕಿಕೊಂಡರು. ಸಿಪಾಯಿಗಳು, ಅಧಿಕಾರಿಗಳು, ಕೂಲಿಗಳು ಅವರನ್ನು ಅಗೆದು ತೆಗೆಯಲು ಓಡಿದರು. ಮಧ್ಯಾಹ್ನ ಇಡೀ ಇಳಿಜಾರೇ ಕಳಚಿ ಬಿತ್ತು. ವಿಕ್ಟೋರಿಯಾ ಹೋಟೆಲ್ ಹೋಯಿತು, ದೇವಿಯ ಗುಡಿಯೂ ಹೋಯಿತು. ಸತ್ತವರು 151 ಮಂದಿ. ಅವರಲ್ಲಿ 108 ಜನ ಭಾರತೀಯರು. ಕಾಪಾಡಲು ಹೋದವರೇ ಮಣ್ಣಿನಡಿ ಸೇರಿದ್ದನ್ನು ನೆನೆದರೆ ಇಂದಿಗೂ ಕರುಳು ಹಿಂಡುತ್ತದೆ. ಇಂದು ಪ್ರವಾಸಿಗರು ಅಡ್ಡಾಡುವ ಫ್ಲ್ಯಾಟ್ಸ್ ಮೈದಾನ ಅಗಲವಾದದ್ದು ಆ ಮಣ್ಣಿನಿಂದಲೇ.

ಆಗ ನಾಲೆಗಳ ಜಾಲ ಹಬ್ಬಿಸಿದರು. ಮಳೆನೀರು ಇಳಿಜಾರಿನೊಳಗೆ ಇಂಗುವ ಮೊದಲೇ ಹಿಡಿದು ಕೆಳಗಿಳಿಸುವುದು ಅವುಗಳ ಕೆಲಸ. ಕಡಿದಾದ ಕಡೆ ನೀರಿನ ರಭಸ ಮುರಿಯಲು ಮೆಟ್ಟಿಲುಗಳಿವೆ. ನಮ್ಮ ರಾಜಕಾಲುವೆಗಳ ಗತಿ ಕಂಡವನಿಗೆ ಅಂಥ ಕಟ್ಟಡದ ಮುಂದೆ ಕೈಮುಗಿಯಬೇಕೆನಿಸುತ್ತದೆ.

ಆದರೆ ಪಕ್ಕದ ಸೂಖಾತಾಲದ ಲೆಕ್ಕವೇ ಬೇರೆ. ಮಳೆಗಾಲದಲ್ಲಷ್ಟೇ ತುಂಬುವ ಆ ತಗ್ಗಿನಲ್ಲಿ ನೀರು ನಿಂತು ಇಂಗಬೇಕು. ನೆಲದಡಿಯಲ್ಲಿ ಹರಿದು ಸರೋವರವನ್ನು ಊಡುವುದು ಅದೇ. ಇಳಿಜಾರಿನಲ್ಲಿ ಇಂಗಬಾರದು, ತಗ್ಗಿನಲ್ಲಿ ಇಂಗಲೇಬೇಕು. ನಾವು ಮಾಡಿದ್ದು ತಿರುಗುಮುರುಗು: ನಾಲೆಗಳಿಗೆ ಕಸ ಸುರಿದೆವು, ಸೂಖಾತಾಲದ ಸುತ್ತ ಕಾಂಕ್ರೀಟ್ ಹಾಕಿದೆವು. 2017ರ ಬೇಸಿಗೆಯಲ್ಲಿ ಸರೋವರದ ದಂಡೆ ಒಣಗಿ ಬಿರುಕುಬಿಟ್ಟಿತ್ತು. ಅಲ್ಲಿ ಇನ್ನೊಂದು ಹೋಟೆಲಿಗೆ ಪರವಾನಗಿ ಕೊಡುವ ಮುನ್ನ ಅಧಿಕಾರಿಗಳು ಸುರಿವ ಮಳೆಯಲ್ಲಿ ಒಂದು ನಾಲೆಯ ಗುಂಟ ಮೇಲಿನಿಂದ ಕೆಳಗಿನವರೆಗೆ ನಡೆದು ಬರಲಿ.