ನಾನು ನೋಡಿದ್ದು ಮೂರು ಮತ್ತು ನಾಲ್ಕನೇ ರೀಲು

ಗುರುವಾರ ರಾತ್ರಿ ನಾನು ಮನೆಗೆ ಕಾಲಿಟ್ಟ ಕೂಡಲೇ ಮಾವ ಟೀವಿ ಸದ್ದು ತಗ್ಗಿಸುತ್ತಾರೆ. ಚಪ್ಪಲಿ ಬಿಡುವಷ್ಟರಲ್ಲಿ ಪ್ರಶ್ನೆ ಬಂದಾಗಿರುತ್ತದೆ.

"ಎಂತ ಮಾರಾಯ್ತಿ, ನಾಳೆದ್ದು ಹೇಗುಂಟು?"

ನಾಳೆದ್ದು ಅಂದರೆ ಶುಕ್ರವಾರ ಬಿಡುಗಡೆಯಾಗುವ ಸಿನಿಮಾ. ನಾನು ಅಂಧೇರಿಯ ವೀರಾ ದೇಸಾಯಿ ರಸ್ತೆಯ ಹತ್ತಿರ ಒಂದು ಸ್ಟುಡಿಯೋದಲ್ಲಿ ಸಬ್‌ಟೈಟಲ್ ಬರೆಯುತ್ತೇನೆ. ಕನ್ನಡದಿಂದ ಇಂಗ್ಲಿಷಿಗೆ, ಹಿಂದಿ-ಮರಾಠಿಯಿಂದ ಕನ್ನಡಕ್ಕೆ. ಶುರು ಮಾಡಿ ಹನ್ನೊಂದು ವರ್ಷವಾಯಿತು. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಆಜಾದ್ ನಗರ. ಹುಟ್ಟಿದ್ದು ಗದಗ, ಕೊಟ್ಟಿದ್ದು ಕುಂದಾಪುರದ ಕಡೆಯವರಿಗೆ, ಬದುಕು ಇಲ್ಲಿ. ನಮ್ಮ ಕಟ್ಟಡದ ಲಿಫ್ಟಿನಲ್ಲಿ, ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ನನಗೆ ಸಿಗುವ ಮರ್ಯಾದೆಗೆ ಕಾರಣ ಒಂದೇ: ಎಲ್ಲರಿಗಿಂತ ಮುಂಚೆ ಸಿನಿಮಾ ನೋಡಿರುತ್ತೇನೆ, ನಾನು ‘ಒಳಗಿನವಳು’.

ಒಳಗಿನವರು ನಿಜಕ್ಕೂ ಏನು ನೋಡಿರುತ್ತಾರೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಕೈಗೆ ಸಿನಿಮಾ ಬರುವುದು ರೀಲು ರೀಲಾಗಿ. ಫಿಲ್ಮಿನ ಕಾಲ ಹೋದರೂ ಆ ಮಾತು ಉಳಿದಿದೆ. ಒಂದು ರೀಲು ಅಂದರೆ ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ಚಿತ್ರ ಮಸುಕು ಮಸುಕು, ಕದ್ದು ಹರಡಿದರೆ ಯಾರಿಂದ ಹೋಯಿತೆಂದು ಗೊತ್ತಾಗಲಿ ಅಂತ ನಾಯಕನ ಮುಖದ ಮೇಲೆ ಅಡ್ಡಲಾಗಿ ನಮ್ಮ ಸ್ಟುಡಿಯೋ ಹೆಸರು. ಮೇಲೆ ಗಂಟೆ, ನಿಮಿಷ, ಸೆಕೆಂಡು, ಫ್ರೇಮು ತೋರಿಸುತ್ತಾ ಒಂದೇ ಸಮನೆ ಓಡುವ ಟೈಮ್‌ಕೋಡ್. ಹಿನ್ನೆಲೆ ಸಂಗೀತ ಇನ್ನೂ ಆಗಿರುವುದಿಲ್ಲ, ಇದ್ದರೆ ಬೇರೆ ಯಾವುದೋ ಸಿನಿಮಾದ್ದನ್ನು ತಾತ್ಕಾಲಿಕವಾಗಿ ಹಾಕಿರುತ್ತಾರೆ. ಡಬ್ಬಿಂಗ್ ಮುಗಿಯದ ಕಡೆ ನಾಯಕಿಯ ಬಾಯಿಂದ ಸಹಾಯಕ ನಿರ್ದೇಶಕನ ಗಂಡುದನಿ ಬರುತ್ತದೆ. ಸಮುದ್ರ ಇರಬೇಕಾದ ಕಡೆ ಹಸಿರು ಪರದೆ. ಇದರಲ್ಲಿ ನಾನು ಒಂದೊಂದು ಮಾತನ್ನೂ ಹಿಂದೆ ಮುಂದೆ ಎಳೆದು, ಶುರು ಎಲ್ಲಿ, ಕೊನೆ ಎಲ್ಲಿ ಅಂತ ಫ್ರೇಮ್ ಲೆಕ್ಕದಲ್ಲಿ ಗುರುತು ಹಾಕಬೇಕು. ಸೆಕೆಂಡಿಗೆ 24 ಫ್ರೇಮು. ಇಂಗ್ಲಿಷಿನಲ್ಲಿ ಸಾಲಿಗೆ 42 ಅಕ್ಷರ, ಎರಡೇ ಸಾಲು. ಸಾಯುವ ತಾಯಿ ಮಗನಿಗೆ ‘ಹಾಳಾದವನೇ’ ಅನ್ನುತ್ತಾಳೆ. ಅದು ಬೈಗುಳವೂ ಹೌದು, ಮುದ್ದೂ ಹೌದು. ಆ ತಾಯಿ ಇಡೀ ಮಧ್ಯಾಹ್ನ ನನ್ನ ಮುಂದೆ ಸಾಯುತ್ತಲೇ ಇದ್ದಳು, ನಾನು ಆ ಒಂದು ಪದಕ್ಕೆ ತಲೆ ಕೆರೆದುಕೊಳ್ಳುತ್ತಾ ಕೂತಿದ್ದೆ. ಅಳು ಎಲ್ಲಿಂದ ಬರಬೇಕು?

ದೊಡ್ಡ ಸಿನಿಮಾ ಆದರೆ ಇಷ್ಟೂ ಇಲ್ಲ. ಸೋರಿಕೆಯ ಭಯಕ್ಕೆ ರೀಲುಗಳನ್ನು ಮೂವರಿಗೆ ಹಂಚುತ್ತಾರೆ. ಕ್ಲೈಮ್ಯಾಕ್ಸ್ ಏನೆಂದು ನಾನು ಥಿಯೇಟರಿನಲ್ಲಿ ಟಿಕೆಟ್ ಕೊಟ್ಟು ತಿಳಿದುಕೊಂಡ ಸಿನಿಮಾಗಳಿವೆ, ಅವುಗಳ ಕೊನೆಯಲ್ಲಿ ನನ್ನ ಹೆಸರೂ ಇದೆ.

ಇದೆಲ್ಲ ಗೊತ್ತಿದ್ದೂ ಕೆಲವು ವರ್ಷದ ಹಿಂದೆ ಒಂದು ತಪ್ಪು ಮಾಡಿದೆ. ಸಿನಿಮಾದ ಹೆಸರು ಬೇಡ, ಕನ್ನಡದ್ದು. ಸಂಘದವರು ಭಾನುವಾರ ಬೆಳಗಿನ ಆಟಕ್ಕೆ ಎಂಬತ್ತನಾಲ್ಕು ಸೀಟು ಒಟ್ಟಿಗೆ ಕಾಯ್ದಿರಿಸುವ ಯೋಚನೆಯಲ್ಲಿದ್ದರು. ಮುಂಬೈಯಲ್ಲಿ ಕನ್ನಡ ಸಿನಿಮಾಕ್ಕೆ ಸಿಗುವುದೇ ಬೆಳಗಿನ ಒಂಬತ್ತೂವರೆ, ಇಲ್ಲ ರಾತ್ರಿ ಹನ್ನೊಂದು. ಹಾಗಾಗಿ ಇಂಥ ಬುಕಿಂಗ್ ಇಲ್ಲದಿದ್ದರೆ ಎರಡನೇ ವಾರಕ್ಕೆ ಪರದೆ ಉಳಿಯುವುದೇ ಕಷ್ಟ. ಮಹಿಳಾ ವಿಭಾಗದ ಗ್ರೂಪಿನಲ್ಲಿ ಒಬ್ಬರು "ನೀವು ಒಳಗಿನವರಲ್ವಾ, ಹೋಗಬಹುದಾ?" ಅಂತ ಕೇಳಿದರು. ಟ್ರೇನಿನ ಗದ್ದಲದಲ್ಲಿ ಟೈಪ್ ಮಾಡಲಾಗದೆ ವಾಯ್ಸ್ ಮೆಸೇಜ್ ಕಳಿಸಿದೆ: "ಸೆಕೆಂಡ್ ಹಾಫ್ ಸ್ವಲ್ಪ ಎಳೆದ ಹಾಗೆ ಅನಿಸ್ತು ಅಕ್ಕ, ಆದ್ರೆ ನಾನು ಪೂರ್ತಿ ನೋಡಿಲ್ಲ."

ಮೂರನೇ ದಿನ ಬೆಳಿಗ್ಗೆ ಹುಬ್ಬಳ್ಳಿಯ ಚಿಕ್ಕಪ್ಪನ ಮಗ ನನಗೊಂದು ಫಾರ್ವರ್ಡ್ ಕಳಿಸಿದ. ‘ಎಡಿಟಿಂಗ್ ರೂಮಿನಿಂದಲೇ ಬಂದ ಪಕ್ಕಾ ಸುದ್ದಿ. ಸೆಕೆಂಡ್ ಹಾಫ್ ಡಬ್ಬಾ. ನಿರ್ಮಾಪಕರೇ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ.’ ಠಾಣೆಯಲ್ಲಿ ಬಾಗಿಲ ಹತ್ತಿರ ಒತ್ತಿಕೊಂಡು ನಿಂತು ಓದಿದೆ. ನನ್ನ ಮೊದಲ ಯೋಚನೆ ಏನಾಗಿತ್ತು ಗೊತ್ತಾ? ‘ನೋಡು, ನಾನು ಅಂದುಕೊಂಡಿದ್ದು ಸರಿಯೇ ಇತ್ತು!’ ಬೇರೆ ಯಾರೋ ಒಳಗಿನವರು ನನ್ನ ಮಾತಿಗೆ ಸಾಕ್ಷಿ ಹೇಳಿದ ಹಾಗೆ ಸಮಾಧಾನವಾಯಿತು. ಮುಲುಂಡ್ ದಾಟಿದ ಮೇಲೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಆ ಒಳಗಿನವರು ನಾನೇ.

ಬುಕಿಂಗ್ ರದ್ದಾಗಿತ್ತು. ಅದು ಸಾಲದು ಅಂತ ನನ್ನ ಧ್ವನಿ ಚಿತ್ರತಂಡದವರೆಗೂ ಹೋಗಿ, ಅಲ್ಲಿಂದ ನಮ್ಮ ಸ್ಟುಡಿಯೋಗೆ ಬಂತು. ಬಿಡುಗಡೆಗೆ ಮುಂಚೆ ಸಿನಿಮಾದ ಬಗ್ಗೆ ಬಾಯಿಬಿಡುವುದಿಲ್ಲ ಅಂತ ನಾವೆಲ್ಲ ಕಾಗದಕ್ಕೆ ಸಹಿ ಹಾಕಿದವರೇ. ನಮ್ಮ ಮೇಲಿನವರು ಮರಾಠಿಯವರು, ಕನ್ನಡ ಬಾರದು. ಕೂಗಾಡಲಿಲ್ಲ. ಸ್ಪೀಕರಿನಲ್ಲಿ ನನ್ನ ಮೆಸೇಜು ಹಾಕಿ, "ಇದಕ್ಕೆ ಸಬ್‌ಟೈಟಲ್ ಮಾಡಿ ತೋರಿಸಿ" ಅಂದರು. ಅಲ್ಲೇ ಕೂತು ಬರೆದೆ. ಎರಡು ಸಾಲಿಗೆ ಹಿಡಿಸಬೇಕಿತ್ತು. ಕೈ ತನ್ನಷ್ಟಕ್ಕೆ ‘ಸ್ವಲ್ಪ’ವನ್ನು ಹಾರಿಸಿತು, ‘ಅನಿಸ್ತು’ವನ್ನೂ ಹಾರಿಸಿತು. ಆಮೇಲೆ ನನಗೇ ಹೊಳೆದು ಬೆರಳು ನಿಂತುಬಿಟ್ಟಿತು. ನಮ್ಮ ಕೆಲಸದಲ್ಲಿ ಜಾಗ ಸಾಲದಾಗ ಮೊದಲು ಬಲಿ ಕೊಡುವುದು ಇಂಥ ಪದಗಳನ್ನೇ: ಸ್ವಲ್ಪ, ಅನಿಸುತ್ತೆ, ಬಹುಶಃ, ಇರಬಹುದು. ಕಥೆ ಕೆಡುವುದಿಲ್ಲವಲ್ಲ! ಮೂರು ದಿನ ಊರು ಸುತ್ತಿದ ನನ್ನ ಮಾತಿಗೂ ಜನ ಅದನ್ನೇ ಮಾಡಿದ್ದರು. ‘ಪೂರ್ತಿ ನೋಡಿಲ್ಲ’ ಅನ್ನುವುದು ಕಲ್ಯಾಣ್ ಬರುವ ಮುಂಚೆಯೇ ಇಳಿದುಹೋಗಿತ್ತು.

ಮೂರು ತಿಂಗಳು ನನಗೆ ಹೊಸ ಸಿನಿಮಾ ಕೊಡಲಿಲ್ಲ. ಹಳೇ ಧಾರಾವಾಹಿಯೊಂದರ ಕಂತುಗಳ ರಾಶಿ ಬಂತು. ಅತ್ತೆ-ಸೊಸೆ ಜಗಳ, ಅಕ್ಷರ ಲೆಕ್ಕಕ್ಕೆ ಸಿಗದ ವೇಗ.

ಆ ಸಿನಿಮಾವನ್ನು ಬಿಡುಗಡೆಯಾದ ಮೇಲೆ ಒಬ್ಬಳೇ ಹೋಗಿ ನೋಡಿದೆ. ಅಷ್ಟು ಹೊತ್ತಿಗೆ ದಿನಕ್ಕೆ ಒಂದೇ ಆಟ, ಜನ ಇಪ್ಪತ್ತೂ ಇರಲಿಲ್ಲ. ನಾನು ಎಳೆದಿದ್ದಾರೆ ಅಂದ ಭಾಗ ಬಂತು. ಅಲ್ಲಿ ಮುದುಕನೊಬ್ಬ ಮಗನ ಮನೆಯಿಂದ ಹೊರಟು ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಾನೆ, ನಾಲ್ಕು ನಿಮಿಷ ಒಂದೂ ಮಾತಿಲ್ಲ. ಮಳೆ, ಕೊಡೆಯ ಮೇಲೆ ಹನಿಯ ಸದ್ದು, ದೂರದಲ್ಲಿ ಬಸ್ಸಿನ ಎಂಜಿನ್. ನನ್ನ ಪಕ್ಕದ ಸಾಲಿನ ಹೆಂಗಸು ಪಾಪ್‌ಕಾರ್ನ್ ಡಬ್ಬಿಯೊಳಗೆ ಕೈ ಇಟ್ಟವಳು ಹಾಗೇ ಮರೆತಿದ್ದಳು. ಈ ನಾಲ್ಕು ನಿಮಿಷವನ್ನು ನಾನು ಕೆಲಸದಲ್ಲಿ ನೋಡಿಯೇ ಇರಲಿಲ್ಲ. ಮಾತಿಲ್ಲದ ಕಡೆ ನಮಗೆ ಕೆಲಸವಿಲ್ಲ, ಓಡಿಸಿಬಿಡುತ್ತೇವೆ. ಆ ನಡಿಗೆಯ ಆಚೆ ಈಚೆ ಇದ್ದ ಮಾತುಗಳನ್ನಷ್ಟೇ ಒಂದರ ಬೆನ್ನಿಗೆ ಒಂದು ಜೋಡಿಸಿಕೊಂಡು ‘ಬರೀ ಮಾತು, ಎಳೆತ’ ಅಂತ ತೀರ್ಪು ಕೊಟ್ಟಿದ್ದೆ.

ಮನೆಯಲ್ಲಿ ಹೇಳಿಕೊಂಡಾಗ ಮಾವ ನಕ್ಕರು. "ನಿಂದೆಂತ ಹೊಸತಲ್ಲ ಬಿಡು."

ಮಾವ ಮುಂಬೈಗೆ ಬಂದಿದ್ದು 1973ರಲ್ಲಿ, ಹದಿನಾರನೇ ವಯಸ್ಸಿಗೆ. ಲ್ಯಾಮಿಂಗ್ಟನ್ ರಸ್ತೆಯ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಎತ್ತುವ ಕೆಲಸ. ಅದೇ ರಸ್ತೆಯಲ್ಲಿ ನಾಜ್ ಟಾಕೀಸು, ಆ ಕಟ್ಟಡದ ತುಂಬ ಹಂಚಿಕೆದಾರರ ಕಚೇರಿಗಳು. ಹಿಂದಿ ಸಿನಿಮಾದ ಹಣೆಬರಹ ಬರೆಯುವವರು ಅಲ್ಲೇ ಕೂರುತ್ತಿದ್ದರು. ನಮ್ಮ ಬೆಳಗಾವಿ-ಧಾರವಾಡ ಸೀಮೆಯೂ ಆ ವ್ಯಾಪಾರದ ಲೆಕ್ಕದಲ್ಲಿ ‘ಬಾಂಬೆ ಸರ್ಕ್ಯೂಟ್’. ಗದಗಿನಲ್ಲಿ ಅಪ್ಪ ಯಾವ ಹಿಂದಿ ಸಿನಿಮಾ ನೋಡಬೇಕು ಅಂತ ನಿರ್ಧಾರವಾಗುತ್ತಿದ್ದದ್ದು ಮಾವ ಒರೆಸುತ್ತಿದ್ದ ಮೇಜುಗಳ ಮೇಲೆ ಅಂತ ನೆನೆದರೆ ಈಗಲೂ ನಗು ಬರುತ್ತದೆ. 1975ರ ಆಗಸ್ಟ್ 15, ಶುಕ್ರವಾರ, ಅದೇ ರಸ್ತೆಯ ಮಿನರ್ವಾದಲ್ಲಿ ‘ಶೋಲೆ’ ಬಂತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಸಿನಿಮಾ. ಮರುದಿನದಿಂದ ಮೇಜುಗಳಲ್ಲಿ ಒಂದೇ ಮಾತಂತೆ: ಮುಳುಗಿತು, ಹಾಕಿದ ದುಡ್ಡು ಹುಟ್ಟುವುದಿಲ್ಲ. ಪತ್ರಿಕೆಗಳ ವಿಮರ್ಶೆಯೂ ತಣ್ಣಗಿತ್ತು. ಜೈ ಸಾಯದ ಹಾಗೆ ಅಂತ್ಯವನ್ನು ಮತ್ತೆ ತೆಗೆಯುವ ಮಾತೂ ಚಿತ್ರತಂಡದಲ್ಲಿ ನಡೆದಿತ್ತು ಅನ್ನುವುದು ಈಗ ಎಲ್ಲರಿಗೂ ಗೊತ್ತಿರುವ ಕಥೆ.

"ಇಷ್ಟು ದೊಡ್ಡ ದೊಡ್ಡ ಸೇಟುಗಳು ಹೇಳುವಾಗ ನಾನ್ಯಾಕೆ ದುಡ್ಡು ಹಾಳು ಮಾಡುದು ಅಂತ ಬಿಟ್ಟೆ" ಅಂದರು ಮಾವ. "ಕಡೆಗೆ ದೀಪಾವಳಿ ಕಳೆದು ಬ್ಲ್ಯಾಕಿನಲ್ಲಿ ತೆಗೊಂಡದ್ದು. ತಿಂಗಳ ಸಂಬಳದಲ್ಲಿ ಒಂದು ಪಾಲು ಹೋಯ್ತು." ಮಿನರ್ವಾದಲ್ಲಿ ಅದು ಐದು ವರ್ಷ ಓಡಿತು.

ಮಾವನ ಕಥೆಗೆ ನಗುವ ಹಕ್ಕು ನನಗಿಲ್ಲ. 2018ರ ಡಿಸೆಂಬರ್ 21ರಂದು ಶಾರುಖ್ ಖಾನ್ ಸಿನಿಮಾದ ಎದುರಿಗೆ ‘ಕೆಜಿಎಫ್’ ಬಂದಾಗ ನಮ್ಮ ಸ್ಟುಡಿಯೋ ಕ್ಯಾಂಟೀನಿನಲ್ಲಿ "ಹಿಂದಿಯಲ್ಲಿ ಒಂದು ವಾರ ನಿಂತರೆ ದೊಡ್ಡದು" ಅಂತ ಹೇಳಿದ ಕನ್ನಡತಿ ನಾನೇ. ಮುಂದಿನದು ನಿಮಗೆ ಗೊತ್ತು.

ಇನ್ನು ವಿಮರ್ಶಕರು. ಕೆಲವೊಮ್ಮೆ ಪ್ರಿಂಟಿನಲ್ಲಿ ಸಬ್‌ಟೈಟಲ್ ಸರಿಯಾಗಿ ಕೂತಿದೆಯಾ ಅಂತ ನೋಡಲು ಪತ್ರಕರ್ತರ ಆಟಕ್ಕೆ ನನ್ನನ್ನು ಕಳಿಸುತ್ತಾರೆ. ಕೊನೇ ಸಾಲಿನಲ್ಲಿ ಕೂತರೆ ಎಲ್ಲರ ತಲೆಯೂ ಕಾಣುತ್ತದೆ. ಇಂಟರ್ವಲ್ ದೀಪ ಹತ್ತುವ ಮುಂಚೆಯೇ ಅರ್ಧ ಜನರ ಮುಖದ ಮೇಲೆ ಮೊಬೈಲ್ ಬೆಳಕು. ಮೊದಲಾರ್ಧದ ತೀರ್ಪು ಹೊರಟಾಯಿತು. ಕತ್ತಲಲ್ಲೇ ಚಿಕ್ಕ ಪುಸ್ತಕದಲ್ಲಿ ಗೀಚುತ್ತಾ, ಕೊನೆಯ ಹೆಸರು ಮೇಲೆ ಹೋಗುವವರೆಗೂ ಕೂರುವವರೂ ಇದ್ದಾರೆ. ಒಂದಂತೂ ನಿಜ, ಇವರು ಇಡೀ ಸಿನಿಮಾವನ್ನು ಸಂಗೀತದ ಜೊತೆ ದೊಡ್ಡ ಪರದೆಯಲ್ಲಿ ನೋಡಿರುತ್ತಾರೆ. ಅಷ್ಟರ ಮಟ್ಟಿಗೆ ನನಗಿಂತ ಎಷ್ಟೋ ವಾಸಿ.

ಆದರೆ ವಾರಕ್ಕೆ ನಾಲ್ಕು ನೋಡುವವರಿಗೆ ಬೇಸರ ತರಿಸುವ ಸಂಗತಿಗಳೇ ಬೇರೆ. ‘ಸವಕಲು ಕಥೆ’ ಅಂತ ಬರೆದಿದ್ದರೆ ಮಾವನಿಗೆ ಅದು ಆಮಂತ್ರಣ ಪತ್ರಿಕೆ. ಅವರು ನೋಡುವುದು ವರ್ಷಕ್ಕೆ ಐದಾರು, ಕೊನೆಯಲ್ಲಿ ಅಣ್ಣ-ತಮ್ಮ ಒಂದಾಗಲೇಬೇಕು. ಒಂದು ಮರಾಠಿ ಪತ್ರಿಕೆಯ ವಿಮರ್ಶಕರನ್ನು ನಾನು ಒಂಬತ್ತು ವರ್ಷದಿಂದ ಬಿಡದೆ ಓದುತ್ತಿದ್ದೇನೆ. ಹಾಡು ಕಂಡರೆ ಅವರಿಗೆ ಆಗದು, ಅಳಿಸುವ ಸಿನಿಮಾ ಕಂಡರೆ ಸಿಡುಕು. ಅದನ್ನು ಕಳೆದೇ ಓದುತ್ತೇನೆ. ಆದರೆ ಧ್ವನಿಯ ಕೆಲಸದ ಬಗ್ಗೆ ಅವರು ಬರೆದಿದ್ದು ಒಮ್ಮೆಯೂ ಸುಳ್ಳಾಗಿಲ್ಲ. ‘ಕಿವಿ ತೆರೆದು ನೋಡಿ’ ಅಂದರೆ ನಾನು ಟಿಕೆಟ್ ತೆಗೆಯುತ್ತೇನೆ. ನಕ್ಷತ್ರ ಎಷ್ಟು ಕೊಟ್ಟಿದ್ದಾರೆ ಅಂತ ನೋಡುವುದಿಲ್ಲ. ಗುರುತು ಪರಿಚಯವಿಲ್ಲದವರ ನಾಲ್ಕೂವರೆ ನಕ್ಷತ್ರ ಕಟ್ಟಿಕೊಂಡು ನಾನೇನು ಮಾಡಲಿ, ಅವರಿಗೆ ಏನು ಆಗುವುದಿಲ್ಲ ಅಂತ ನನಗೆ ಗೊತ್ತಿಲ್ಲವಲ್ಲ.

ಕೆಲಸದಲ್ಲಿ ಈಗ ಒಂದು ರೂಢಿ ಮಾಡಿಕೊಂಡಿದ್ದೇನೆ. ಸಬ್‌ಟೈಟಲ್ ಕಳಿಸುವ ಮುಂಚೆ, ಸಮಯವಿದ್ದರೆ, ನನ್ನ ಪಾಲಿನ ರೀಲನ್ನು ಕೈ ಕಟ್ಟಿಕೊಂಡು ನಿಲ್ಲಿಸದೆ ಒಮ್ಮೆ ನೋಡುತ್ತೇನೆ, ಮಾತಿಲ್ಲದ ಭಾಗವನ್ನೂ ಸೇರಿಸಿ. ಹೊಸ ಹುಡುಗ ಹುಡುಗಿಯರಿಗೂ ಹಾಗೇ ಹೇಳುತ್ತೇನೆ. ಅವರು ಗಡಿಯಾರ ನೋಡುತ್ತಾರೆ, ಅದು ಅವರ ತಪ್ಪಲ್ಲ. ಹೊರಗೆ ಯಾರು ಕೇಳಿದರೂ ಸೆನ್ಸಾರ್ ಸರ್ಟಿಫಿಕೇಟಿನಲ್ಲಿರುವುದನ್ನು ಹೇಳುತ್ತೇನೆ, ಅದು ಹೇಗೂ ಎಲ್ಲರಿಗೂ ಕಾಣುವಂಥದ್ದು. 2024ರ ನಿಯಮ ಬಂದ ಮೇಲೆ ಯುಎಯಲ್ಲೇ 7+, 13+, 16+ ಅಂತ ಮೂರು ಬಗೆ ಇರುವುದರಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅಷ್ಟು ಸಾಕಾಗುತ್ತದೆ.

ಕಳೆದ ತಿಂಗಳೂ ಗುರುವಾರ ರಾತ್ರಿ ಟೀವಿ ಸದ್ದು ತಗ್ಗಿತು.

"ಎರಡು ಗಂಟೆ ನಲವತ್ತೊಂದು ನಿಮಿಷ ಮಾವ. ಯುಎ 13+. ಇಲ್ಲಿನ ಪ್ರಿಂಟಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆ."

"ಅದಲ್ಲ ಮಾರಾಯ್ತಿ, ಚಂದ ಉಂಟಾ?"

"ನಾನು ನೋಡಿದ್ದು ಮೂರು ಮತ್ತು ನಾಲ್ಕನೇ ರೀಲು ಮಾತ್ರ. ನೀವು ನೋಡಿ ಬಂದು ನನಗೆ ಹೇಳಿ."

ಭಾನುವಾರ ಸಂಘದವರ ಜೊತೆ ಹೋಗಿ ಮಧ್ಯಾಹ್ನ ಊಟದ ಹೊತ್ತಿಗೆ ಬಂದರು. ಕೈ ತೊಳೆದು ಕೂತರು. ಸಿನಿಮಾ ಚಂದ ಉಂಟೋ ಇಲ್ಲವೋ ಒಂದು ಮಾತಿಲ್ಲ. ಅನ್ನಕ್ಕೆ ಸಾರು ಹಾಕಿಕೊಂಡ ಮೇಲೆ ನನ್ನ ಕಡೆ ತಿರುಗಿದರು.

"ಆ ಹುಡುಗ ಸಮುದ್ರದ ಹತ್ತಿರ ಅವಳಿಗೆ ‘ಬೊಂಡ ತರ್ಲಾ’ ಅಂತ ಕೇಳುದಲ್ವಾ, ನೀನು ಕೆಳಗೆ ಎಂತ ಬರ್ದದ್ದು?"

ನಾಲ್ಕನೇ ರೀಲಿನ ಕಟ್ಟಕಡೆಯ ಮಾತು ಅದು. ನನಗೆ ನೆನಪಿತ್ತು. ಗದಗಿನವಳಿಗೆ ಬೋಂಡಾ ಅಂದರೆ ಎಣ್ಣೆಯಲ್ಲಿ ಕರಿದದ್ದು. ಫ್ರಿಟರ್ಸ್ ಅಂತ ಹಾಕಿದ್ದೆ. ನಮ್ಮ ಕಡೆ ಎಳನೀರಿಗೆ ಎಳನೀರು ಅಂತಲೇ ಅನ್ನುತ್ತಾರೆ.

"ಫ್ರಿಟರ್ಸ್ ಅಂದ್ರೆ ಎಂತ ಅಂತ ನನ್ನ ಪಕ್ಕ ಕೂತ ಹುಡುಗನ ಹತ್ರ ಕೇಳಿದೆ" ಅಂದರು ಮಾವ. "ಅಷ್ಟರೊಳಗೆ ಅವಳು ಸ್ಟ್ರಾ ಹಾಕಿ ಕುಡಿಲಿಕ್ಕೆ ಶುರು ಮಾಡಿ ಆಯ್ತು."

ಸ್ಟ್ರಾ ಬರುವುದು ಐದನೇ ರೀಲಿನಲ್ಲಿ.